ಕಾಗದದ ಬಳಕೆ ಏರುತ್ತಿರುವಾಗ ಕಾಗದದ ಕೆಲಸ ಇಳಿಯುವುದೇಕೆ?

ಬೆಳಗಾವಿ ಭಾಗದವರಿಗೆ ಕಾಗದದ ಕಾರ್ಖಾನೆ ಎಂದೊಡನೆ ಮೊದಲು ನೆನಪಾಗುವ ಊರು ದಾಂಡೇಲಿ. ಖಾನಾಪುರ ತಾಲೂಕಿನ ಗಡಿ ದಾಟಿ ಉತ್ತರ ಕನ್ನಡದ ಕಾಡಿನೊಳಗೆ ಸಾಗಿದರೆ ಕಾಳಿ ನದಿಯ ದಂಡೆಯಲ್ಲಿ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ ಸಿಗುತ್ತದೆ; ಅದು ಸ್ಥಾಪನೆಯಾದದ್ದು 1955ರಲ್ಲಿ. ಇನ್ನೊಂದು ಹೆಸರು ಭದ್ರಾವತಿಯದು. ಅಲ್ಲಿನ ಮೈಸೂರು ಕಾಗದ ಕಾರ್ಖಾನೆ ನಿಂತುಹೋಗಿ ಹತ್ತು ವರ್ಷ ಕಳೆದಿದೆ. ಎಲ್ಲಿಯೋ ಒಂದು ಕಾಗದದ ಕಾರ್ಖಾನೆ ಬಾಗಿಲು ಹಾಕಿತು, ಇಷ್ಟು ಜನ ಕೆಲಸ ಕಳೆದುಕೊಂಡರು, ಕಂಪನಿ ಪುನರ್‌ರಚನೆ ಘೋಷಿಸಿತು ಎಂಬ ಸುದ್ದಿ ಬಂದಾಗಲೆಲ್ಲ ಇಲ್ಲಿ ಕೇಳಿಬರುವ ವಿವರಣೆ ಒಂದೇ: ಮೊಬೈಲು ಬಂತು, ಕಾಗದ ಬೇಡವಾಯಿತು. ಈ ವಿವರಣೆ ಅರ್ಧ ಮಾತ್ರ ಸರಿ. ಉಳಿದರ್ಧವನ್ನು ಅರ್ಥಮಾಡಿಕೊಳ್ಳದಿದ್ದರೆ ಯಾವ ಕಾರ್ಖಾನೆ ಏಕೆ ನಿಲ್ಲುತ್ತದೆ, ಮೊದಲು ಯಾರ ಕೆಲಸ ಹೋಗುತ್ತದೆ, ಹೋದಾಗ ಏನನ್ನು ಕೇಳಬಹುದು ಎಂಬುದು ತಿಳಿಯುವುದಿಲ್ಲ.

ಮೊದಲಿಗೆ ಬಳಕೆಯ ಮಾತು. ಭಾರತದಲ್ಲಿ ತಲಾ ಕಾಗದದ ಬಳಕೆ ವರ್ಷಕ್ಕೆ ಸುಮಾರು 15 ಕೆ.ಜಿ.; ವಿಶ್ವದ ಸರಾಸರಿ 50 ಕೆ.ಜಿ.ಗಿಂತ ಹೆಚ್ಚು. ನಮ್ಮ ದೇಶದಲ್ಲಿ ಒಟ್ಟು ಬಳಕೆ ಏರುತ್ತಲೇ ಇದೆ. ಆದರೆ ಕಾಗದವೆಂಬುದು ಒಂದೇ ಸರಕಲ್ಲ. ಪತ್ರಿಕೆ ಅಚ್ಚಾಗುವ ನ್ಯೂಸ್‌ಪ್ರಿಂಟ್ ಬೇರೆ, ನೋಟ್‌ಬುಕ್ಕಿನ ಮತ್ತು ಜೆರಾಕ್ಸಿನ ಬಿಳಿಹಾಳೆ ಬೇರೆ, ರಟ್ಟಿನ ಪೆಟ್ಟಿಗೆಗೆ ಬೇಕಾದ ಕಂದು ಬಣ್ಣದ ಕ್ರಾಫ್ಟ್ ಪೇಪರ್ ಬೇರೆ, ಔಷಧ ಮತ್ತು ಸಾಬೂನಿನ ಡಬ್ಬಿಯ ದಪ್ಪ ಬೋರ್ಡು ಬೇರೆ. ಇವುಗಳಲ್ಲಿ ಮೊದಲನೆಯದು ಜಗತ್ತಿನಾದ್ಯಂತ ಕುಸಿದಿದೆ. ಎರಡನೆಯದು ಶ್ರೀಮಂತ ದೇಶಗಳಲ್ಲಿ ಇಳಿಯುತ್ತಿದೆ, ನಮ್ಮಲ್ಲಿ ಶಾಲೆಗಳ ಕಾರಣದಿಂದ ಇನ್ನೂ ಗಟ್ಟಿಯಾಗಿ ನಿಂತಿದೆ. ಮೂರನೆಯದು ಮತ್ತು ನಾಲ್ಕನೆಯದು ಬೆಳೆಯುತ್ತಿವೆ, ಏಕೆಂದರೆ ಮನೆಗೆ ಬರುವ ಪ್ರತಿಯೊಂದು ವಸ್ತುವೂ ಈಗ ಪೆಟ್ಟಿಗೆಯಲ್ಲಿಯೇ ಬರುತ್ತದೆ. ವಿಜಯಪುರದ ಒಣದ್ರಾಕ್ಷಿ, ಬಾಗಲಕೋಟೆಯ ದಾಳಿಂಬೆ, ಗೋಕಾಕದ ಕರದಂಟು, ಬೆಳಗಾವಿಯ ಫೌಂಡ್ರಿಗಳ ಬಿಡಿಭಾಗಗಳೆಲ್ಲವೂ ರಟ್ಟಿನ ಪೆಟ್ಟಿಗೆಯನ್ನು ಬೇಡುತ್ತವೆ.

ಹಾಗಿದ್ದರೆ ಹಾಳೆ ಮಾಡುವ ಕಾರ್ಖಾನೆಯವರು ಪೆಟ್ಟಿಗೆಯ ಕಾಗದ ಮಾಡಿದರಾಯಿತಲ್ಲ ಎಂದು ಯಾರಿಗಾದರೂ ಅನಿಸುತ್ತದೆ. ಕೆಲವರು ಹಾಗೆಯೇ ಮಾಡಿದ್ದಾರೆ, ಆದರೆ ಅದು ಸುಲಭವಲ್ಲ, ಅಗ್ಗವೂ ಅಲ್ಲ. ಯಾಕೆ ಎಂಬುದು ಕಾಗದದ ಯಂತ್ರ ನಡೆಯುವ ಬಗೆಯನ್ನು ನೋಡಿದರೆ ತಿಳಿಯುತ್ತದೆ. ಈ ಲೇಖನದ ಮುಖ್ಯ ವಿಷಯವೂ ಅಲ್ಲಿಯೇ ಇದೆ.

ಯಂತ್ರ ಅರ್ಧ ವೇಗದಲ್ಲಿ ಏಕೆ ಓಡುವುದಿಲ್ಲ

ಕಟ್ಟಿಗೆ, ಬಿದಿರು, ಕಬ್ಬಿನ ಸಿಪ್ಪೆ ಅಥವಾ ರದ್ದಿ, ಕಚ್ಚಾ ಸರಕು ಯಾವುದೇ ಇರಲಿ, ಅದನ್ನು ಮೊದಲು ನಾರಿನ ತಿರುಳಾಗಿ ಮಾಡಬೇಕು. ಅದನ್ನು ಕಾರ್ಖಾನೆಯಲ್ಲಿ ಪಲ್ಪ್ ಎನ್ನುತ್ತಾರೆ. ಆ ಪಲ್ಪನ್ನು ನೂರರಲ್ಲಿ ತೊಂಬತ್ತೊಂಬತ್ತು ಪಾಲು ನೀರೇ ಇರುವಷ್ಟು ತೆಳುವಾಗಿ ಕಲಸಿ, ವೇಗವಾಗಿ ಓಡುವ ಜಾಲರಿಯ ಮೇಲೆ ಒಂದೇ ಸಮನೆ ಹರಿಸುತ್ತಾರೆ. ಜಾಲರಿಯ ಕೆಳಗೆ ನೀರು ಬಸಿದು, ಮೇಲೆ ನಾರಿನ ಒದ್ದೆ ಪದರ ಉಳಿಯುತ್ತದೆ. ಅದನ್ನು ಉರುಳೆಗಳ ನಡುವೆ ಹಿಂಡಿ, ಉಗಿಯಿಂದ ಕಾದ ಹತ್ತಾರು ಸಿಲಿಂಡರುಗಳ ಮೇಲೆ ಹಾಯಿಸಿ ಒಣಗಿಸಿ, ಕೊನೆಗೆ ದೊಡ್ಡ ರೀಲಿಗೆ ಸುತ್ತುತ್ತಾರೆ. ಹೊಸ ಯಂತ್ರಗಳಲ್ಲಿ ಕಾಗದವು ನಿಮಿಷಕ್ಕೆ ಒಂದು ಕಿಲೋಮೀಟರಿಗಿಂತ ಹೆಚ್ಚು ವೇಗದಲ್ಲಿ ಓಡುತ್ತದೆ. ಇಷ್ಟು ಉದ್ದದ ಸರಣಿಯಲ್ಲಿ ಎಲ್ಲಿಯಾದರೂ ಕಾಗದ ಹರಿದರೆ ಮತ್ತೆ ಎಳೆದು ಕೂಡಿಸುವವರೆಗೆ ಬರುವುದೆಲ್ಲ ವ್ಯರ್ಥ. ಆದ್ದರಿಂದಲೇ ಕಾಗದದ ಯಂತ್ರ ಮೂರೂ ಪಾಳಿ, ಹಬ್ಬ-ಹುಣ್ಣಿಮೆ ಎನ್ನದೆ ಓಡುತ್ತಿರಬೇಕು.

ಇದರ ಬೆನ್ನಿಗೆ ಇನ್ನೊಂದು ಸರಣಿಯಿದೆ. ಕಟ್ಟಿಗೆಯಿಂದ ಪಲ್ಪ್ ಮಾಡುವ ಕಾರ್ಖಾನೆಯಲ್ಲಿ ರಾಸಾಯನಿಕದೊಂದಿಗೆ ಬೇಯಿಸಿದ ಮೇಲೆ ಉಳಿಯುವ ಕಪ್ಪು ದ್ರವವನ್ನು ವಿಶೇಷ ಬಾಯ್ಲರಿನಲ್ಲಿ ಸುಡುತ್ತಾರೆ. ಅದರಿಂದ ಉಗಿ, ವಿದ್ಯುತ್ತು ಸಿಗುತ್ತವೆ, ರಾಸಾಯನಿಕವೂ ಮರಳಿ ಸಿಗುತ್ತದೆ. ಪಲ್ಪಿನ ಪ್ರಮಾಣ ಇಳಿದರೆ ಕಪ್ಪು ದ್ರವ ಇಳಿಯುತ್ತದೆ, ಅದು ಇಳಿದರೆ ಉಗಿ ಸಾಲದೆ ಹೊರಗಿನಿಂದ ಕಲ್ಲಿದ್ದಲು ಕೊಳ್ಳಬೇಕಾಗುತ್ತದೆ. ಹೀಗೆ ಉತ್ಪಾದನೆ ನಾಲ್ಕನೇ ಒಂದು ಪಾಲು ಕಡಿಮೆಯಾದರೆ ಖರ್ಚು ನಾಲ್ಕನೇ ಒಂದು ಪಾಲು ಕಡಿಮೆಯಾಗುವುದಿಲ್ಲ, ಪ್ರತಿ ಟನ್ನಿನ ಖರ್ಚು ಏರುತ್ತದೆ.

ಈಗ ನಾಲ್ಕು ಊರುಗಳಲ್ಲಿ ನಾಲ್ಕು ಯಂತ್ರಗಳಿರುವ ಒಂದು ಕಂಪನಿಯನ್ನು ಊಹಿಸಿಕೊಳ್ಳೋಣ. ಬೇಡಿಕೆ ಕಾಲುಭಾಗ ಬಿದ್ದಿತೆಂದರೆ ನಾಲ್ಕನ್ನೂ ಮುಕ್ಕಾಲು ಮಟ್ಟದಲ್ಲಿ ಓಡಿಸುವ ದಾರಿಯೊಂದಿದೆ. ಹಾಗೆ ಮಾಡಿದರೆ ನಾಲ್ಕೂ ನಷ್ಟಕ್ಕೆ ಬೀಳುತ್ತವೆ. ಒಂದನ್ನು ಪೂರ್ತಿ ನಿಲ್ಲಿಸಿ ಉಳಿದ ಮೂರನ್ನು ತುಂಬು ವೇಗದಲ್ಲಿ ಓಡಿಸುವುದು ಇನ್ನೊಂದು ದಾರಿ. ಅದರಲ್ಲಿ ಮೂರು ಲಾಭದಲ್ಲಿ ಉಳಿಯುತ್ತವೆ. ಲೆಕ್ಕಪತ್ರ ನೋಡುವವರು ಎರಡನೆಯದನ್ನೇ ಆರಿಸುತ್ತಾರೆ. ಪರಿಣಾಮವಾಗಿ ಕಾಗದದ ಉದ್ಯಮದಲ್ಲಿ ಕೆಲಸದ ಕಡಿತವು ಎಲ್ಲ ಕಡೆ ಸ್ವಲ್ಪ ಸ್ವಲ್ಪ ಹಂಚಿಕೊಂಡು ಬರುವುದಿಲ್ಲ, ಒಂದು ಊರಿನ ಮೇಲೆ ಇಡಿಯಾಗಿ ಬೀಳುತ್ತದೆ. ನಿಲ್ಲುವ ಯಂತ್ರವನ್ನು ಆರಿಸುವಾಗ ನೋಡುವುದು ಅದರ ವಯಸ್ಸು, ಅಗಲ, ವೇಗ, ಕಟ್ಟಿಗೆ ಮತ್ತು ಬಂದರಿನ ದೂರ, ನೀರು-ವಿದ್ಯುತ್ತಿನ ದರ. ಕೆಲಸಗಾರರು ಚೆನ್ನಾಗಿ ದುಡಿದರೇ ಎಂಬ ಪ್ರಶ್ನೆಗೆ ಆ ಆಯ್ಕೆಯಲ್ಲಿ ಸ್ಥಾನ ಬಹಳ ಕಡಿಮೆ. ಕಾರ್ಖಾನೆ ಮುಚ್ಚಿದ ಊರುಗಳಲ್ಲಿ ಕಾರ್ಮಿಕ ಸಂಘದ ಹಟವೇ ಕಾರಣವೆಂಬ ಮಾತು ಬಲು ಬೇಗ ಹುಟ್ಟಿಕೊಳ್ಳುತ್ತದೆ. ಯಂತ್ರದ ವಯಸ್ಸನ್ನು ನೋಡದೆ ಆ ಮಾತನ್ನು ಒಪ್ಪಬಾರದು.

ಫಿನ್ಲೆಂಡಿನ ಉದಾಹರಣೆ ಇದನ್ನು ಸ್ಪಷ್ಟಪಡಿಸುತ್ತದೆ. ಯು.ಪಿ.ಎಂ. ಕಂಪನಿಯು ಕೈಪೋಲಾ ಎಂಬಲ್ಲಿನ ಕಾರ್ಖಾನೆಯನ್ನು ಮುಚ್ಚುವುದಾಗಿ 2020ರಲ್ಲಿ ಘೋಷಿಸಿ ಮರುವರ್ಷದ ಆರಂಭದಲ್ಲಿ ಮುಚ್ಚಿತು. ಸುಮಾರು 450 ಹುದ್ದೆಗಳು ಹೋದವು, ಆ ದೇಶದ ಕೊನೆಯ ನ್ಯೂಸ್‌ಪ್ರಿಂಟ್ ಕಾರ್ಖಾನೆಯೂ ಅದೇ ಆಗಿತ್ತು. 2021ರಲ್ಲಿ ಸ್ಟೋರಾ ಎನ್ಸೊ ಕಂಪನಿ ಫಿನ್ಲೆಂಡಿನ ವೈಟ್ಸಿಲುವೊಟೊ ಮತ್ತು ಸ್ವೀಡನ್ನಿನ ಕ್ವಾರ್ನ್ಸ್‌ವೇಡನ್ ಕಾರ್ಖಾನೆಗಳನ್ನು ಮುಚ್ಚುವುದಾಗಿ ಒಟ್ಟಿಗೆ ಪ್ರಕಟಿಸಿತು. ಎರಡರಲ್ಲೂ ಸೇರಿ ಸುಮಾರು 1,100 ಜನರ ಕೆಲಸಕ್ಕೆ ಕುತ್ತು ಬಂದಿತು. ಅದೇ ಕಂಪನಿ ಔಲು ಎಂಬ ಊರಿನ ಕಾರ್ಖಾನೆಯನ್ನು ಮಾತ್ರ ಮುಚ್ಚದೆ, ಮುದ್ರಣದ ಕಾಗದದಿಂದ ಪೆಟ್ಟಿಗೆಯ ಕಾಗದಕ್ಕೆ ಪರಿವರ್ತಿಸಿತು. ಕಾರ್ಖಾನೆ ಉಳಿಯಿತು, ಹುದ್ದೆಗಳೆಲ್ಲ ಉಳಿಯಲಿಲ್ಲ. ಹಾಳೆಯನ್ನು ಅಳತೆಗೆ ಕತ್ತರಿಸಿ, ಎಣಿಸಿ, ರೀಮು ಕಟ್ಟುವ ವಿಭಾಗವೇ ಪೆಟ್ಟಿಗೆಯ ಕಾಗದಕ್ಕೆ ಬೇಕಾಗುವುದಿಲ್ಲ, ಏಕೆಂದರೆ ಅದು ರೀಲಿನ ರೂಪದಲ್ಲಿಯೇ ಲಾರಿ ಹತ್ತುತ್ತದೆ.

ಪೆಟ್ಟಿಗೆಯ ಕಾಗದಕ್ಕೆ ಹೋದರೆ ಸಾಕು, ಭಯವಿಲ್ಲ ಎಂದು ತಿಳಿಯುವುದೂ ತಪ್ಪು. ಅಮೆರಿಕದ ಇಂಟರ್‌ನ್ಯಾಷನಲ್ ಪೇಪರ್ ಕಂಪನಿ 2025ರ ಆಗಸ್ಟ್‌ನಲ್ಲಿ ಜಾರ್ಜಿಯಾ ರಾಜ್ಯದ ಸವಾನಾ ಮತ್ತು ರೈಸ್‌ಬೊರೊ ಊರುಗಳ ಕಾರ್ಖಾನೆಗಳನ್ನು ಮುಚ್ಚುವುದಾಗಿ ಹೇಳಿತು. ಸುಮಾರು 1,100 ಜನ ಕೆಲಸ ಕಳೆದುಕೊಳ್ಳುವ ಆ ಕಾರ್ಖಾನೆಗಳು ಮಾಡುತ್ತಿದ್ದದ್ದು ಪೆಟ್ಟಿಗೆಯ ಕಾಗದವನ್ನೇ. ಅದೇ ಹೊತ್ತಿಗೆ ಅಲಬಾಮಾದ ಇನ್ನೊಂದು ಕಾರ್ಖಾನೆಯಲ್ಲಿ ಬಿಳಿಹಾಳೆಯ ಯಂತ್ರವೊಂದನ್ನು ಪೆಟ್ಟಿಗೆಯ ಕಾಗದಕ್ಕೆ ತಿರುಗಿಸಲು 25 ಕೋಟಿ ಡಾಲರ್ ಹೂಡುವುದಾಗಿಯೂ ಕಂಪನಿ ತಿಳಿಸಿತು. ಒಂದೇ ಬಗೆಯ ಕಾಗದಕ್ಕೆ ಒಂದು ಕಡೆ ಬಂಡವಾಳ, ಇನ್ನೊಂದು ಕಡೆ ಬೀಗ. ಬೇಡಿಕೆ ಮತ್ತು ಕೆಲಸ ಒಂದೇ ದಿಕ್ಕಿನಲ್ಲಿ ನಡೆಯುತ್ತವೆ ಎಂಬ ನಂಬಿಕೆಯನ್ನು ಇಲ್ಲಿಗೇ ಬಿಡಬೇಕು.

ನಮ್ಮಲ್ಲಿ ಬಂದ ಪೆಟ್ಟು ಬೇರೆ ದಿಕ್ಕಿನದು

ಭಾರತದಲ್ಲಿ ಕಾಗದದ ಕಾರ್ಖಾನೆಗಳು ಮುಚ್ಚಿದ್ದಕ್ಕೆ ಬೇಡಿಕೆಯ ಕುಸಿತವೊಂದೇ ಕಾರಣವಲ್ಲ. ಕಚ್ಚಾ ಸರಕಿನ ಕೊರತೆ, ಹಳೆಯ ಯಂತ್ರ, ಹೊರಗಿನ ಸ್ಪರ್ಧೆ, ಮಾಲಿನ್ಯ ನಿಯಂತ್ರಣದ ಖರ್ಚು, ದುಡಿಯುವ ಬಂಡವಾಳದ ಅಭಾವ ಇವೆಲ್ಲ ಕೂಡಿಯೇ ಬಂದವು. ಆಗ್ನೇಯ ಏಷ್ಯಾದ ದೇಶಗಳೊಂದಿಗಿನ ಮುಕ್ತ ವ್ಯಾಪಾರ ಒಪ್ಪಂದದಂತೆ ಅಲ್ಲಿಂದ ಬರುವ ಕಾಗದದ ಮೇಲಿನ ಆಮದು ಸುಂಕ ಹಂತಹಂತವಾಗಿ ಇಳಿದು 2014ರಿಂದ ಸೊನ್ನೆಯಾಗಿದೆ. ಇಂಡೋನೇಷ್ಯಾದಲ್ಲಿ ಕಂಪನಿಗಳಿಗೆ ತಮ್ಮದೇ ವಿಶಾಲ ನೆಡುತೋಪುಗಳಿವೆ, ಬಂದರಿನ ಬಳಿಯೇ ದೊಡ್ಡ ಯಂತ್ರಗಳಿವೆ. ನಮ್ಮ ಕಾರ್ಖಾನೆಗಳು ನೀಲಗಿರಿ, ಸುಬಾಬುಲ್, ಗಾಳಿಮರದ ಕಟ್ಟಿಗೆಯನ್ನು ಚದುರಿದ ರೈತರಿಂದ ಕೊಂಡು ಲಾರಿಯಲ್ಲಿ ತರಿಸಬೇಕು. ರೈತನಿಗೆ ಸಿಗುವ ಬೆಲೆ ಸರಿಯಾಗಿರಬೇಕೆಂಬುದರಲ್ಲಿ ಎರಡು ಮಾತಿಲ್ಲ, ಆದರೆ ಆ ಖರ್ಚು ಕಾಗದದ ದರದಲ್ಲಿ ಸೇರಿಯೇ ಸೇರುತ್ತದೆ.

ರದ್ದಿಯನ್ನು ನಂಬಿದ ಕಾರ್ಖಾನೆಗಳ ಕಷ್ಟ ಇನ್ನೊಂದು ಬಗೆ. ದೇಶದ ಕಾಗದದಲ್ಲಿ ಮೂರನೇ ಎರಡು ಪಾಲಿಗಿಂತ ಹೆಚ್ಚು ತಯಾರಾಗುವುದು ಹಳೆಯ ಕಾಗದದಿಂದಲೇ. ಮನೆ-ಅಂಗಡಿಗಳಿಂದ ರದ್ದಿ ಆರಿಸಿ ತರುವವರಿಂದ ಹಿಡಿದು ಬೇಲು ಕಟ್ಟುವ ಗೋದಾಮಿನವರೆಗೆ ಸಾವಿರಾರು ಜನರ ದುಡಿಮೆ ಅದರ ಹಿಂದಿದೆ. ಅದು ಸಾಲದೆ ಹೊರದೇಶಗಳಿಂದಲೂ ರದ್ದಿ ಬರುತ್ತದೆ. 2021ರಿಂದ ಚೀನಾ ತ್ಯಾಜ್ಯದ ಆಮದನ್ನು ಪೂರ್ತಿ ನಿಲ್ಲಿಸಿದ ಮೇಲೆ ಅಲ್ಲಿನ ಕಂಪನಿಗಳು ಬೇರೆ ದೇಶಗಳಲ್ಲಿ ಮಾಡಿಸಿದ ಪಲ್ಪ್ ಮತ್ತು ಕ್ರಾಫ್ಟ್ ಕಾಗದವನ್ನೇ ತರಿಸಿಕೊಳ್ಳತೊಡಗಿದವು. ರದ್ದಿಯ ದರವಾಗಲಿ ಕ್ರಾಫ್ಟಿನ ದರವಾಗಲಿ ಅಂದಿನಿಂದ ಒಂದು ಮಟ್ಟದಲ್ಲಿ ನಿಂತಿಲ್ಲ, ಏರಿಳಿತದ ಹೊಡೆತವನ್ನು ತಡೆದುಕೊಳ್ಳುವ ಶಕ್ತಿ ಸಣ್ಣ ಕಾರ್ಖಾನೆಗಳಿಗೆ ಇರುವುದಿಲ್ಲ.

ಭದ್ರಾವತಿಯ ಕತೆಯಲ್ಲಿ ಈ ಎಲ್ಲ ಎಳೆಗಳೂ ಕಾಣುತ್ತವೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1936ರಲ್ಲಿ, ಹುಟ್ಟಿದ ಕಂಪನಿಯದು. 1977ರಲ್ಲಿ ರಾಜ್ಯ ಸರಕಾರದ ಕಂಪನಿಯಾಯಿತು, 1981ರಲ್ಲಿ ನ್ಯೂಸ್‌ಪ್ರಿಂಟ್ ಮಾಡತೊಡಗಿತು. ಅದಕ್ಕೆ ತನ್ನದೇ ಸಕ್ಕರೆ ಕಾರ್ಖಾನೆ ಇತ್ತು, ಸಾವಿರಾರು ಹೆಕ್ಟೇರ್ ನೆಡುತೋಪು ಇತ್ತು. ಕಚ್ಚಾ ಸರಕಿನ ವಿಷಯದಲ್ಲಿ ಇಷ್ಟು ಅನುಕೂಲವಿದ್ದ ಕಾರ್ಖಾನೆ ದಕ್ಷಿಣದಲ್ಲಿ ವಿರಳ. ಆದರೆ ಯಂತ್ರಗಳು ಹಳತಾದವು, ಹೊಸ ಬಂಡವಾಳ ಬರಲಿಲ್ಲ, ಹೊರಗಿನ ನ್ಯೂಸ್‌ಪ್ರಿಂಟ್ ಅಗ್ಗವಾಗಿ ಸಿಗತೊಡಗಿತು. 2015ರಲ್ಲಿ ಉತ್ಪಾದನೆ ನಿಂತಿತು. ಖಾಯಂ ಕೆಲಸಗಾರರಿಗೆ ಸ್ವಯಂ ನಿವೃತ್ತಿಯ ದಾರಿ ತೋರಿಸಲಾಯಿತು. ಗುತ್ತಿಗೆಯವರಿಗೆ, ಕಾರ್ಖಾನೆಯನ್ನು ನಂಬಿ ಲಾರಿ ಓಡಿಸಿದವರಿಗೆ, ಕ್ಯಾಂಟೀನು-ಕಿರಾಣಿ ನಡೆಸಿದವರಿಗೆ ಅಂಥ ದಾರಿಯೇನೂ ಇರಲಿಲ್ಲ. ಪತ್ರಿಕೆಗಳಿಗೂ ಇದರ ಇನ್ನೊಂದು ಮುಖ ಕಂಡಿದೆ. ಸ್ವದೇಶಿ ನ್ಯೂಸ್‌ಪ್ರಿಂಟಿಗೆ ರಕ್ಷಣೆ ಕೊಡಲೆಂದು ಕೇಂದ್ರ ಸರಕಾರ 2019ರ ಜುಲೈನಲ್ಲಿ ಆಮದಿನ ಮೇಲೆ ಶೇ. 10 ಸುಂಕ ಹಾಕಿತು, ಪತ್ರಿಕೆಗಳ ವಿರೋಧದ ಬಳಿಕ 2020ರಲ್ಲಿ ಅದನ್ನು ಶೇ. 5ಕ್ಕೆ ಇಳಿಸಿತು. ಒಂದು ಉದ್ಯಮದ ಕೆಲಸ ಉಳಿಸುವ ಸುಂಕ ಇನ್ನೊಂದು ಉದ್ಯಮದ ಕೆಲಸಕ್ಕೆ ಭಾರವಾಗುವುದು ಹೀಗೆ.

ಅಸ್ಸಾಮಿನಲ್ಲಿ ಹಿಂದೂಸ್ತಾನ್ ಪೇಪರ್ ಕಾರ್ಪೊರೇಷನ್ನಿನ ಕಛಾರ್ ಕಾರ್ಖಾನೆ 2015ರಲ್ಲಿ, ನಗಾಂವ್ ಕಾರ್ಖಾನೆ 2017ರಲ್ಲಿ ನಿಂತವು. ಅಲ್ಲಿನ ಕೆಲಸಗಾರರು ವರ್ಷಗಟ್ಟಲೆ ಪಗಾರವಿಲ್ಲದೆ, ಮುಚ್ಚಿದ್ದೂ ಅಲ್ಲ ನಡೆಯುತ್ತಿರುವುದೂ ಅಲ್ಲ ಎಂಬ ಸ್ಥಿತಿಯಲ್ಲಿ ಕಳೆದರು. ರಾಜ್ಯ ಸರಕಾರ 570 ಕೋಟಿ ರೂಪಾಯಿಗಳ ಪರಿಹಾರಕ್ಕೆ ಒಪ್ಪಿದ್ದು 2021ರಲ್ಲಿ. ನನ್ನ ದೃಷ್ಟಿಯಲ್ಲಿ ನೇರವಾಗಿ ಮುಚ್ಚುವುದಕ್ಕಿಂತ ಕ್ರೂರವಾದದ್ದು ಈ ನಡುವಿನ ಸ್ಥಿತಿ; ಮುಚ್ಚಿದರೆ ಲೆಕ್ಕ ಚುಕ್ತವಾಗುತ್ತದೆ, ಜನ ಬೇರೆ ದಾರಿ ನೋಡಿಕೊಳ್ಳುತ್ತಾರೆ. ಕಾರ್ಖಾನೆ ಮತ್ತೆ ಶುರುವಾಗಬಹುದೆಂಬ ಆಸೆಯಲ್ಲಿ ಕಾಯುವ ಕುಟುಂಬಕ್ಕೆ ಎರಡೂ ಸಿಗುವುದಿಲ್ಲ.

ಎಲ್ಲ ಕತೆಗಳೂ ಹೀಗೆಯೇ ಮುಗಿಯುವುದಿಲ್ಲ. ತೆಲಂಗಾಣದ ಸಿರ್ಪುರ್ ಪೇಪರ್ ಮಿಲ್ಸ್ 2014ರಲ್ಲಿ ನಿಂತು, ದಿವಾಳಿ ಸಂಹಿತೆಯ ಪ್ರಕ್ರಿಯೆಯ ಮೂಲಕ 2018ರಲ್ಲಿ ಜೆ.ಕೆ. ಪೇಪರಿನ ಕೈಸೇರಿ ಮತ್ತೆ ಓಡತೊಡಗಿತು. ದಾಂಡೇಲಿಯ ಕಂಪನಿ 2019ರಲ್ಲಿ ರಾಜಮಹೇಂದ್ರಿಯ ಆಂಧ್ರ ಪೇಪರನ್ನು ಇಂಟರ್‌ನ್ಯಾಷನಲ್ ಪೇಪರಿನಿಂದ ಕೊಂಡಿತು. ಕಾರ್ಖಾನೆಯ ಒಡೆತನ ಬದಲಾಗುವುದು ಅದರಷ್ಟಕ್ಕೇ ಕೆಲಸದ ಕಡಿತವಲ್ಲ. ಆದರೆ ದಿವಾಳಿಯ ದಾರಿಯಲ್ಲಿ ಬದಲಾದರೆ ಕೆಲಸಗಾರರ ಬಾಕಿಯ ಪ್ರಶ್ನೆ ಏಳುತ್ತದೆ. 2016ರ ದಿವಾಳಿ ಸಂಹಿತೆಯಂತೆ ಆಸ್ತಿ ಮಾರಿ ಹಂಚುವ ಹಂತ ಬಂದಾಗ, ಅದಕ್ಕೆ ಹಿಂದಿನ 24 ತಿಂಗಳ ಕಾರ್ಮಿಕರ ಬಾಕಿ ಬ್ಯಾಂಕುಗಳ ಒತ್ತೆಸಾಲದ ಸಮಾನ ಸಾಲಿನಲ್ಲಿ ನಿಲ್ಲುತ್ತದೆ. ಕಾರ್ಮಿಕರ ವ್ಯಾಖ್ಯೆಗೆ ಬಾರದ ಸಿಬ್ಬಂದಿಯ ಬಾಕಿಗೆ 12 ತಿಂಗಳ ಮಿತಿಯಿದೆ, ಸಾಲಿನಲ್ಲಿ ಅದರ ಸ್ಥಾನವೂ ಕೆಳಗೆ. ಭವಿಷ್ಯ ನಿಧಿ, ಗ್ರಾಚ್ಯುಟಿ, ಪಿಂಚಣಿ ನಿಧಿಗಳಲ್ಲಿನ ಹಣವನ್ನು ಸಾಲ ಕೊಟ್ಟವರಿಗೆ ಹಂಚುವಂತಿಲ್ಲ, ಅದು ಕೆಲಸಗಾರರದೇ.

ಮೊದಲು ಹೋಗುವವರು ಯಾರು

ಪುನರ್‌ರಚನೆಯ ಸುದ್ದಿಯಲ್ಲಿ ಬರುವ ಸಂಖ್ಯೆ ಸಾಮಾನ್ಯವಾಗಿ ಖಾಯಂ ಹುದ್ದೆಗಳದು. ಅದಕ್ಕೆ ಬಹಳ ಮೊದಲೇ, ಯಾವ ಘೋಷಣೆಯೂ ಇಲ್ಲದೆ, ಇನ್ನೊಂದು ಕಡಿತ ಆಗಿಹೋಗಿರುತ್ತದೆ. ಕಟ್ಟಿಗೆ ಇಳಿಸುವುದು, ಅದನ್ನು ಸಣ್ಣ ಚೂರು ಮಾಡುವುದು, ರದ್ದಿಯಲ್ಲಿನ ಪ್ಲಾಸ್ಟಿಕ್ ಆರಿಸುವುದು, ರೀಲು ಕಟ್ಟುವುದು, ಬೂದಿ ಸಾಗಿಸುವುದು, ಸ್ವಚ್ಛತೆ, ಕಾವಲು ಇಂಥ ಕೆಲಸಗಳನ್ನು ಗುತ್ತಿಗೆದಾರರ ಮೂಲಕ ಮಾಡಿಸುವುದು ರೂಢಿ. ಉತ್ಪಾದನೆ ಇಳಿದ ತಿಂಗಳು ಗುತ್ತಿಗೆದಾರ ಮುಂದಿನ ವಾರ ಬರಬೇಡಿ ಎನ್ನುತ್ತಾನೆ, ಅಲ್ಲಿಗೆ ಮುಗಿಯಿತು. ಕಂಪನಿಯ ಹಾಜರಿ ಪುಸ್ತಕದಲ್ಲಿ ಅವರ ಹೆಸರಿಲ್ಲದ ಕಾರಣ ಕಂಪನಿಯ ಪ್ರಕಟಣೆಯಲ್ಲಿಯೂ ಅವರಿರುವುದಿಲ್ಲ. ನಂತರದ ಹಂತದಲ್ಲಿ ನಿವೃತ್ತರಾದವರ ಜಾಗ ತುಂಬುವುದು ನಿಲ್ಲುತ್ತದೆ, ಬದಲಿ ಕೆಲಸಗಾರರಿಗೆ ಪಾಳಿ ಸಿಗುವುದು ಅಪರೂಪವಾಗುತ್ತದೆ, ಹೊಸಬರನ್ನು ನಿಶ್ಚಿತ ಅವಧಿಯ ಕರಾರಿನ ಮೇಲೆ ಮಾತ್ರ ತೆಗೆದುಕೊಳ್ಳುತ್ತಾರೆ. ಸ್ವಯಂ ನಿವೃತ್ತಿಯ ಯೋಜನೆ ಬರುವುದು ಇದಾದ ಮೇಲೆ. ಅದಕ್ಕೂ ಒಪ್ಪದವರು ಉಳಿದರೆ ಕೊನೆಗೆ ರಿಟ್ರೆಂಚ್‌ಮೆಂಟ್, ಅಂದರೆ ಕೆಲಸಗಾರರು ಹೆಚ್ಚಾದರೆಂದು ಕೆಲಸದಿಂದ ತೆಗೆಯುವ ನೋಟಿಸು.

ಪತ್ರಿಕೆಯಲ್ಲಿ ಓದುವ ಸಂಖ್ಯೆಯನ್ನು ಇಡೀ ನಷ್ಟವೆಂದು ತಿಳಿಯಬಾರದು ಎಂದು ಒತ್ತಿ ಹೇಳುವುದು ಇದಕ್ಕಾಗಿಯೇ. ಅತಿ ಕಡಿಮೆ ಪಗಾರ, ಅತಿ ಕಡಿಮೆ ರಕ್ಷಣೆ ಇದ್ದವರೇ ಮೊದಲು ಹೋಗಿರುತ್ತಾರೆ, ಅವರ ಲೆಕ್ಕವನ್ನು ಯಾರೂ ಇಟ್ಟಿರುವುದಿಲ್ಲ.

ಕಾನೂನಿನ ವಿಷಯಕ್ಕೆ ಬರೋಣ. 1947ರ ಕೈಗಾರಿಕಾ ವಿವಾದ ಕಾಯ್ದೆಯ ಸ್ಥಾನದಲ್ಲಿ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಹಳೆಯ ಕಾಯ್ದೆಯಲ್ಲಿ 100 ಅಥವಾ ಹೆಚ್ಚು ಕಾರ್ಮಿಕರಿದ್ದ ಕಾರ್ಖಾನೆ ಲೇ-ಆಫ್ (ಕೆಲಸ ಕೊಡಲಾಗದೆ ತಾತ್ಕಾಲಿಕವಾಗಿ ಹೊರಗಿಡುವುದು), ರಿಟ್ರೆಂಚ್‌ಮೆಂಟ್ ಅಥವಾ ಮುಚ್ಚುವಿಕೆಗೆ ಸರಕಾರದ ಪೂರ್ವಾನುಮತಿ ಪಡೆಯಬೇಕಿತ್ತು. ಹೊಸ ಸಂಹಿತೆ ಆ ಮಿತಿಯನ್ನು 300ಕ್ಕೆ ಏರಿಸಿದೆ. ಅರ್ಜಿ ಹಾಕಿದ 60 ದಿನಗಳಲ್ಲಿ ಸರಕಾರ ಉತ್ತರಿಸದಿದ್ದರೆ ಅನುಮತಿ ಸಿಕ್ಕಿತೆಂದೇ ಅರ್ಥ. ಉದ್ಯಮಗಳು ಈ ಬದಲಾವಣೆಯನ್ನು ಬಯಸಿದ್ದಕ್ಕೆ ಕಾರಣವಿದೆ: 100ರ ಮಿತಿಗೆ ಹೆದರಿ ಅನೇಕರು ಕಾರ್ಖಾನೆಯನ್ನೇ ಬೆಳೆಸುತ್ತಿರಲಿಲ್ಲ, ಅಥವಾ ಗುತ್ತಿಗೆಯ ಮೊರೆಹೋಗುತ್ತಿದ್ದರು ಎಂಬ ವಾದ ಪೂರ್ತಿ ಸುಳ್ಳಲ್ಲ. ಆದರೆ ನಮ್ಮ ಸಣ್ಣ ಮತ್ತು ಮಧ್ಯಮ ಕ್ರಾಫ್ಟ್ ಕಾರ್ಖಾನೆಗಳ ಬಹುಪಾಲು ಕೆಲಸಗಾರರು ಈ ಎರಡು ಸಂಖ್ಯೆಗಳ ನಡುವೆ ಅಥವಾ ಕೆಳಗೆ ಬರುವವರು, ಅವರಿಗೆ ಪೂರ್ವಾನುಮತಿಯ ಕವಚ ಈಗಿಲ್ಲ.

ಪೂರ್ವಾನುಮತಿ ಬೇಡದ ಕಾರ್ಖಾನೆಯಲ್ಲೂ ಕೆಲವು ಹಕ್ಕುಗಳು ಉಳಿದಿವೆ. ಒಂದು ವರ್ಷದ ನಿರಂತರ ಸೇವೆ, ಅಂದರೆ ಹನ್ನೆರಡು ತಿಂಗಳಲ್ಲಿ ಸಾಮಾನ್ಯವಾಗಿ 240 ದಿನ ದುಡಿದ ಕಾರ್ಮಿಕನನ್ನು ತೆಗೆಯುವಾಗ ಒಂದು ತಿಂಗಳ ಲಿಖಿತ ನೋಟಿಸು ಅಥವಾ ಅದರ ಪಗಾರ ಕೊಡಬೇಕು. ಪ್ರತಿ ಪೂರ್ಣ ವರ್ಷಕ್ಕೆ 15 ದಿನಗಳ ಸರಾಸರಿ ವೇತನವನ್ನು ಪರಿಹಾರವಾಗಿ ಕೊಡಬೇಕು. ಅದೇ ದರ್ಜೆಯಲ್ಲಿ ಕೊನೆಗೆ ಸೇರಿದವನನ್ನು ಮೊದಲು ತೆಗೆಯಬೇಕೆಂಬ ನಿಯಮವಿದೆ, ಅದನ್ನು ಮೀರುವುದಾದರೆ ಕಾರಣವನ್ನು ಬರಹದಲ್ಲಿ ದಾಖಲಿಸಬೇಕು. ಹೊಸ ಸಂಹಿತೆಯಲ್ಲಿ ಮರುಕೌಶಲ ನಿಧಿ ಎಂಬುದೊಂದು ಸೇರಿದೆ: ತೆಗೆಯಲ್ಪಟ್ಟ ಪ್ರತಿಯೊಬ್ಬನಿಗಾಗಿ ಮಾಲೀಕ 15 ದಿನಗಳ ಕೊನೆಯ ವೇತನದಷ್ಟು ಹಣ ತುಂಬಬೇಕು, ಅದು 45 ದಿನಗಳೊಳಗೆ ಆತನ ಖಾತೆಗೆ ಬರಬೇಕು. ಹೊಸ ಯಂತ್ರ ಅಥವಾ ಹೊಸ ವಿಧಾನ ತರುವುದರಿಂದ ಜನರನ್ನು ತೆಗೆಯುವ ಸಂಭವವಿದ್ದರೆ ಮಾಲೀಕ 21 ದಿನ ಮುಂಚಿತವಾಗಿ ನೋಟಿಸು ಕೊಡಬೇಕೆಂಬ ನಿಯಮ ಹಳೆಯ ಕಾಯ್ದೆಯಿಂದಲೂ ಇದೆ. ಯಂತ್ರ ಬಂದು ಕೂತ ಮೇಲೆ ದೂರುವುದಕ್ಕಿಂತ ಆ ನೋಟಿಸಿನ ಹಂತದಲ್ಲಿಯೇ ಮಾತಿಗೆ ಕೂರುವ ಕಾರ್ಮಿಕ ಸಂಘಕ್ಕೆ ಬಲ ಹೆಚ್ಚು.

ಲೆಕ್ಕವನ್ನು ಒಂದು ಉದಾಹರಣೆಯಿಂದ ನೋಡಬಹುದು. ಮೂಲವೇತನ ಮತ್ತು ತುಟ್ಟಿಭತ್ಯೆ ಸೇರಿ ತಿಂಗಳಿಗೆ 26,000 ರೂಪಾಯಿ ಪಡೆಯುವ, 18 ವರ್ಷ ಪೂರೈಸಿದ ಫಿಟ್ಟರ್ ಒಬ್ಬನನ್ನು ತೆಗೆದರೆಂದು ಇಟ್ಟುಕೊಳ್ಳೋಣ. ರಿಟ್ರೆಂಚ್‌ಮೆಂಟ್ ಪರಿಹಾರಕ್ಕೆ 15 ದಿನವೆಂದರೆ ತಿಂಗಳ ಅರ್ಧ, 13,000. ಅದನ್ನು 18ರಿಂದ ಗುಣಿಸಿದರೆ 2,34,000 ರೂಪಾಯಿ. ಗ್ರಾಚ್ಯುಟಿಯ ಲೆಕ್ಕದಲ್ಲಿ ತಿಂಗಳಿಗೆ 26 ದಿನವೆಂದು ಹಿಡಿಯುವುದರಿಂದ 15 ದಿನದ ವೇತನ 15,000 ಆಗುತ್ತದೆ, ಒಟ್ಟು 2,70,000. ನೋಟಿಸಿನ ಬದಲು ಪಗಾರ ಕೊಟ್ಟರೆ 26,000, ಮರುಕೌಶಲದ್ದು 13,000. ಎಲ್ಲ ಕೂಡಿ 5,43,000 ರೂಪಾಯಿ. ಭವಿಷ್ಯ ನಿಧಿ, ಬಾಕಿ ಪಗಾರ, ಗಳಿಕೆ ರಜೆಯ ಹಣ ಇದರ ಹೊರಗೆ. ಗ್ರಾಚ್ಯುಟಿ ಬೇರೆ, ಪರಿಹಾರ ಬೇರೆ. ಒಂದನ್ನು ಕೊಟ್ಟು ಎರಡೂ ಮುಗಿಯಿತು ಎಂದರೆ ಸಹಿ ಹಾಕಬಾರದು. ಸ್ವಯಂ ನಿವೃತ್ತಿಯ ಕೊಡುಗೆ ಬಂದಾಗಲೂ ಈ 5,43,000ವನ್ನು ಪಕ್ಕಕ್ಕೆ ಬರೆದಿಟ್ಟುಕೊಂಡು, ಕೊಡುಗೆ ಅದಕ್ಕಿಂತ ಎಷ್ಟು ಹೆಚ್ಚು ಎಂದು ನೋಡಬೇಕು. ನಿವೃತ್ತಿಗೆ ಇನ್ನು ಹನ್ನೆರಡು ವರ್ಷ ಇರುವವನಿಗೆ ದೊಡ್ಡದಾಗಿ ಕಾಣುವ ಮೊತ್ತವೂ ಎರಡು ವರ್ಷದ ಪಗಾರಕ್ಕಿಂತ ಕಡಿಮೆ ಇರಬಹುದು, ಇಲ್ಲಿ ಇದ್ದಂತೆ.

ಮೂಲವೇತನವನ್ನು ಬೇಕೆಂದೇ ಕಡಿಮೆ ತೋರಿಸಿ ಭತ್ಯೆಗಳನ್ನು ಹೆಚ್ಚಿಸುವ ಪದ್ಧತಿಯಿಂದ ಈ ಲೆಕ್ಕ ಕುಗ್ಗುತ್ತಿತ್ತು. ಹೊಸ ಸಂಹಿತೆಗಳು ವೇತನಕ್ಕೆ ಸೇರದ ಭತ್ಯೆಗಳು ಒಟ್ಟು ಸಂಭಾವನೆಯ ಅರ್ಧವನ್ನು ಮೀರಿದರೆ ಮೀರಿದ ಭಾಗವನ್ನೂ ವೇತನವೆಂದೇ ಎಣಿಸಬೇಕೆನ್ನುತ್ತವೆ. ನಿಶ್ಚಿತ ಅವಧಿಯ ಕರಾರಿನವರಿಗೆ ಒಂದು ವರ್ಷದ ಸೇವೆಗೇ ಗ್ರಾಚ್ಯುಟಿಯ ಹಕ್ಕು ಬಂದಿದೆ, ಇದು ಒಳ್ಳೆಯದು. ಆದರೆ ಅವಧಿ ಮುಗಿದಾಗ ಕರಾರು ಮುಂದುವರಿಸದಿದ್ದರೆ ಅದು ರಿಟ್ರೆಂಚ್‌ಮೆಂಟ್ ಅಲ್ಲ, ಆದ್ದರಿಂದ ಆ ಪರಿಹಾರ ಸಿಗುವುದಿಲ್ಲ. ಒಂದು ಕೈಯಿಂದ ಕೊಟ್ಟದ್ದಕ್ಕಿಂತ ಇನ್ನೊಂದು ಕೈಯಿಂದ ಹೋದದ್ದು ದೊಡ್ಡದೆಂದೇ ನನ್ನ ಅನಿಸಿಕೆ. ಇ.ಎಸ್.ಐ. (ನೌಕರರ ರಾಜ್ಯ ವಿಮೆ) ವ್ಯಾಪ್ತಿಯಲ್ಲಿರುವವರಿಗೆ 2018ರಲ್ಲಿ ಆರಂಭವಾದ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆಯಡಿ, ವಂತಿಗೆಯ ಷರತ್ತು ಪೂರೈಸಿದ್ದರೆ, ಸರಾಸರಿ ವೇತನದ ಅರ್ಧದಷ್ಟು 90 ದಿನಗಳವರೆಗೆ ಸಿಗುತ್ತದೆ. ಯೋಜನೆಯನ್ನು ಕಾಲಕಾಲಕ್ಕೆ ವಿಸ್ತರಿಸುತ್ತ ಬರಲಾಗಿದೆ. ಕೆಲಸದಿಂದ ತೆಗೆದದ್ದನ್ನು ಪ್ರಶ್ನಿಸುವುದಾದರೆ ಕಾರ್ಖಾನೆ ಇರುವ ಜಿಲ್ಲೆಯ ಕಾರ್ಮಿಕ ಇಲಾಖೆಯಲ್ಲಿ ಮೊದಲು ಸಂಧಾನಕ್ಕೆ ಅರ್ಜಿ ಹಾಕಬೇಕು. ಹೊಸ ಸಂಹಿತೆಯಲ್ಲಿ ನ್ಯಾಯಮಂಡಳಿಗೆ ಹೋಗುವ ಅವಧಿ ಹಿಂದಿನ ಮೂರು ವರ್ಷದಿಂದ ಎರಡು ವರ್ಷಕ್ಕೆ ಇಳಿದಿದೆ. ಗುತ್ತಿಗೆಯವರು ಗೇಟ್‌ಪಾಸು, ಭವಿಷ್ಯ ನಿಧಿಯ ಸಂಖ್ಯೆ, ಬ್ಯಾಂಕಿಗೆ ಪಗಾರ ಬಂದ ದಾಖಲೆ ಇಷ್ಟನ್ನಾದರೂ ಕಾಪಾಡಿಕೊಳ್ಳಬೇಕು, ಸೇವೆಯ ದಿನಗಳನ್ನು ತೋರಿಸಲು ಅವರಿಗೆ ಬೇರೆ ಸಾಕ್ಷಿಯೇ ಇರುವುದಿಲ್ಲ.

ನಮ್ಮ ಮೂರು ಜಿಲ್ಲೆಗಳಲ್ಲಿ ಕಾಗದದ ಕೆಲಸ

ಕಬ್ಬಿನ ಸೀಮೆಯಾದ ಬೆಳಗಾವಿ, ಬಾಗಲಕೋಟೆ, ವಿಜಯಪುರಗಳಲ್ಲಿ ಕಾಗದದ ಕಚ್ಚಾ ಸರಕಿಗೆ ಕೊರತೆ ಇಲ್ಲವೆಂದು ಅನೇಕರು ಹೇಳುತ್ತಾರೆ. ನುರಿಸಿದ ಕಬ್ಬಿನ ತೂಕದಲ್ಲಿ ಸುಮಾರು ಶೇ. 30ರಷ್ಟು ಒದ್ದೆ ಸಿಪ್ಪೆಯಾಗಿ ಉಳಿಯುತ್ತದೆ, ಅದರಿಂದ ಒಳ್ಳೆಯ ಕಾಗದ ಆಗುತ್ತದೆ. ತಮಿಳುನಾಡಿನ ಕರೂರು ಬಳಿಯ ಟಿ.ಎನ್.ಪಿ.ಎಲ್. ಕಾರ್ಖಾನೆ ಇದನ್ನು ದೊಡ್ಡ ಪ್ರಮಾಣದಲ್ಲಿ ಮಾಡಿ ತೋರಿಸಿದೆ: ಸಕ್ಕರೆ ಕಾರ್ಖಾನೆಗಳಿಗೆ ಬೇಕಾದ ಉಗಿ ಅಥವಾ ಇಂಧನವನ್ನು ತಾನು ಒದಗಿಸಿ, ಅವರು ಸುಡುತ್ತಿದ್ದ ಸಿಪ್ಪೆಯನ್ನು ತಾನು ಪಡೆಯುವ ಏರ್ಪಾಡು ಅದರದು. ನಮ್ಮಲ್ಲಿ ಸಕ್ಕರೆ ಕಾರ್ಖಾನೆಗಳು ಅದೇ ಸಿಪ್ಪೆಯನ್ನು ಸಹವಿದ್ಯುತ್ ಘಟಕದಲ್ಲಿ ಸುಟ್ಟು ವಿದ್ಯುತ್ತು ಮಾರುತ್ತವೆ. ಸಿಪ್ಪೆಗೆ ವಿದ್ಯುತ್ತಿನ ಮೂಲಕ ಸಿಗುವ ಬೆಲೆಗಿಂತ ಕಾಗದದ ಕಾರ್ಖಾನೆ ಹೆಚ್ಚು ಕೊಡಬಲ್ಲುದೇ ಎಂಬುದೇ ಪ್ರಶ್ನೆ. ಹಂಗಾಮು ಮುಗಿದ ಮೇಲೆ ಉಳಿದ ತಿಂಗಳಿಗೆ ಸಿಪ್ಪೆಯನ್ನು ಕೆಡದಂತೆ ಒದ್ದೆಯಾಗಿಯೇ ರಾಶಿ ಹಾಕಿಡಬೇಕು, ಅದರ ತಿರುಳಿನ ಪುಡಿಯನ್ನು ಬೇರ್ಪಡಿಸಬೇಕು, ನೀರು ಬೇಕು, ಕೊಳಚೆ ನೀರಿನ ಶುದ್ಧೀಕರಣ ಬೇಕು. ಬೇಸಿಗೆಯಲ್ಲಿ ಕೃಷ್ಣೆ, ಘಟಪ್ರಭೆ, ಮಲಪ್ರಭೆಗಳ ಪಾತ್ರ ಹೇಗಿರುತ್ತದೆಂದು ಬಲ್ಲವರು ಈ ಯೋಜನೆಯನ್ನು ಹಗುರವಾಗಿ ಮಾತಾಡುವುದಿಲ್ಲ.

ಇಲ್ಲಿ ನಿಜವಾಗಿ ಹರಡಿಕೊಂಡಿರುವುದು ಕಾಗದ ಮಾಡುವ ಕೆಲಸವಲ್ಲ, ಕಾಗದದಿಂದ ಮಾಡುವ ಕೆಲಸ: ನೋಟ್‌ಬುಕ್ ಕಟ್ಟುವುದು, ಅಚ್ಚುಕೂಟ, ರಟ್ಟಿನ ಪೆಟ್ಟಿಗೆಯ ಘಟಕ. ಕಾಗದವನ್ನು ಅಲೆಯಾಗಿ ಮಡಿಸಿ, ಅಂಟಿಸಿ, ಕತ್ತರಿಸಿ, ತಂತಿ ಹೊಡೆದು ಪೆಟ್ಟಿಗೆ ಮಾಡುವ ಸೆಮಿ ಆಟೋಮ್ಯಾಟಿಕ್ ಘಟಕಗಳಲ್ಲಿ ಅಂಟಿಸುವ, ಹೊಲಿಯುವ, ಕಟ್ಟುವ ಕೆಲಸಕ್ಕೆ ಕೈಗಳು ಬೇಕು. ಹೆಣ್ಣುಮಕ್ಕಳಿಗೆ ಊರಿನ ಹತ್ತಿರವೇ ಸಿಗುವ ಕೆಲಸ ಇದು. ಪುನರ್‌ರಚನೆಯ ಮಾತು ಇಲ್ಲಿಗೂ ತಲುಪಿದೆ. ರೀಲು ಹಾಕಿದ ಕಡೆಯಿಂದ ತಯಾರಾದ ಹಾಳೆಯೇ ಹೊರಬರುವ ಪೂರ್ಣ ಸ್ವಯಂಚಾಲಿತ ಘಟಕಗಳು ದೊಡ್ಡ ಊರುಗಳಲ್ಲಿ ಬಂದಂತೆಲ್ಲ ದೊಡ್ಡ ಗಿರಾಕಿಗಳು ಅತ್ತ ಹೋಗುತ್ತಾರೆ. 2025ರ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ಜಿ.ಎಸ್‌.ಟಿ. ದರಗಳಲ್ಲಿ ರಟ್ಟಿನ ಪೆಟ್ಟಿಗೆಯ ತೆರಿಗೆ ಶೇ. 12ರಿಂದ 5ಕ್ಕೆ ಇಳಿದರೆ, ಅದಕ್ಕೆ ಬೇಕಾದ ಕ್ರಾಫ್ಟ್ ಕಾಗದದ ತೆರಿಗೆ ಶೇ. 12ರಿಂದ 18ಕ್ಕೆ ಏರಿತು. ಪೆಟ್ಟಿಗೆ ಮಾಡುವವನು ಕಾಗದ ಕೊಳ್ಳುವಾಗ ಕಟ್ಟಿದ ತೆರಿಗೆ ಮಾರುವಾಗ ಪೂರ್ತಿ ಹೊಂದಾಣಿಕೆಯಾಗುವುದಿಲ್ಲ. ಉಳಿದದ್ದನ್ನು ಮರುಪಾವತಿಯಾಗಿ ಕೇಳಿ ಕಾಯಬೇಕು, ಅಷ್ಟು ದಿನ ಆತನ ಬಂಡವಾಳ ಅಲ್ಲಿ ಸಿಕ್ಕಿಕೊಂಡಿರುತ್ತದೆ. ಗಿರಾಕಿಯಿಂದ ಎರಡು-ಮೂರು ತಿಂಗಳ ಉದ್ದರಿಯಲ್ಲಿ ನಡೆಯುವ ಸಣ್ಣ ಘಟಕಕ್ಕೆ ಇದು ಪಗಾರ ಕೊಡುವ ಹಣವೇ. ಕೊಳ್ಳುವವರಿಗೆ ಪೆಟ್ಟಿಗೆ ಅಗ್ಗವಾಗಲೆಂಬ ಉದ್ದೇಶ ಸರಿಯಿದೆ. ಕಾಗದದ ದರವನ್ನೂ ಪೆಟ್ಟಿಗೆಯ ದರದ ಹತ್ತಿರಕ್ಕೆ ತರದೆ ಬಿಟ್ಟದ್ದು ಸರಿಯಲ್ಲ.

ಕಾಗದದ ಕಾರ್ಖಾನೆಯಿಂದ ಹೊರಬಿದ್ದವರು ಈ ಸೀಮೆಯಲ್ಲಿ ಏನು ಮಾಡಬಹುದು ಎಂಬುದು ಅವರು ಯಾವ ವಿಭಾಗದಲ್ಲಿದ್ದರು ಎನ್ನುವುದನ್ನು ಅವಲಂಬಿಸಿದೆ. ಬಾಯ್ಲರ್ ಅಟೆಂಡೆಂಟ್ ಪ್ರಮಾಣಪತ್ರವಿದ್ದವರು, ಟರ್ಬೈನ್ ನೋಡಿಕೊಂಡವರು, ಎಲೆಕ್ಟ್ರಿಶಿಯನ್, ಫಿಟ್ಟರ್, ವೆಲ್ಡರ್, ಪ್ರಯೋಗಾಲಯದ ಕೆಮಿಸ್ಟ್, ಕೊಳಚೆ ನೀರಿನ ಘಟಕ ನಡೆಸಿದವರು ಸಕ್ಕರೆ ಮತ್ತು ಸಹವಿದ್ಯುತ್ ಕಾರ್ಖಾನೆಗಳಿಗೆ ಹೊಂದಿಕೊಳ್ಳುತ್ತಾರೆ, ಏಕೆಂದರೆ ಉಗಿ, ವಿದ್ಯುತ್ತು, ಪಂಪುಗಳ ಕೆಲಸ ಎರಡೂ ಕಡೆ ಒಂದೇ. ಜಾಲರಿಯ ಮೇಲೆ ಪಲ್ಪ್ ಹೇಗೆ ಹರಡುತ್ತಿದೆ ಎಂದು ಕಣ್ಣಳತೆಯಲ್ಲೇ ತಿಳಿಯುವ, ಹಾಳೆಯನ್ನು ಬೆರಳಲ್ಲಿ ಹಿಡಿದು ತೇವ ಹೇಳುವ ಮೆಷಿನ್ ವಿಭಾಗದ ಹಿರಿಯನಿಗೆ ಆ ಅನುಕೂಲವಿಲ್ಲ. ಇಪ್ಪತ್ತು ವರ್ಷದಲ್ಲಿ ಕಲಿತದ್ದನ್ನು ಕೇಳುವವರು ಇನ್ನೊಂದು ಕಾಗದದ ಕಾರ್ಖಾನೆಯವರು ಮಾತ್ರ, ಅದು ಇನ್ನೊಂದು ರಾಜ್ಯದಲ್ಲಿರುತ್ತದೆ. ಮರುಕೌಶಲ ನಿಧಿಯ 15 ದಿನದ ಪಗಾರ ಆತನ ಕೈಗೆ ಬರುತ್ತದೆ, ಏನನ್ನು ಎಲ್ಲಿ ಕಲಿಯಬೇಕೆಂದು ಹೇಳುವ ವ್ಯವಸ್ಥೆ ಅದರೊಂದಿಗೆ ಬರುವುದಿಲ್ಲ. ನಮ್ಮ ಐ.ಟಿ.ಐ.ಗಳು ಮತ್ತು ಕಾರ್ಮಿಕ ಇಲಾಖೆ ಕೂಡಿ, ಕಾರ್ಖಾನೆ ನೋಟಿಸು ಕೊಟ್ಟ ದಿನದಿಂದಲೇ, ಹಂಗಾಮು ಆರಂಭವಾಗುವ ಮೊದಲು ಮುಗಿಯುವಂಥ ಬಾಯ್ಲರ್ ಮತ್ತು ಸಹವಿದ್ಯುತ್ ಘಟಕದ ಚಿಕ್ಕ ತರಬೇತಿಗಳನ್ನು ನಡೆಸಿದರೆ ಇಂಥವರಲ್ಲಿ ಕೆಲವರಾದರೂ ಮನೆ ಬಿಟ್ಟು ದೂರ ಹೋಗದೆ ದುಡಿಯಬಹುದು. ಆದರೂ ಸಕ್ಕರೆಯ ಕೆಲಸ ಹಂಗಾಮಿನದು. ವರ್ಷದ ಉಳಿದ ತಿಂಗಳುಗಳಲ್ಲಿ ಹಂಗಾಮಿ ನೌಕರರಿಗೆ ಸಿಗುವ ರಿಟೆನ್ಶನ್ ಭತ್ಯೆ ಪಗಾರದ ಒಂದು ಪಾಲು ಮಾತ್ರ, ಮೂರೂ ಪಾಳಿ ವರ್ಷವಿಡೀ ಓಡುತ್ತಿದ್ದ ಕಾಗದದ ಕಾರ್ಖಾನೆಯ ಪಗಾರಕ್ಕೆ ಅದು ಸಮನಾಗುವುದಿಲ್ಲ ಎಂಬುದನ್ನು ತರಬೇತಿಗೆ ಕರೆಯುವವರು ಮೊದಲೇ ತಿಳಿಸಿ ಹೇಳಬೇಕು.